ಎನ್‌ವಿಡಿಎ ನಡೆಯುತ್ತಿದೆ, ಧ್ವನಿ ಮಾತ್ರ ಇಲ್ಲ: ಮಾಸ್ಟ್ರ ಲ್ಯಾಪ್‌ಟಾಪ್ (ಪರಿಹಾರವಾಗಿದೆ)

ತಿರುಪುಳಿ, ಉಡುಪಿ
ಮಂಗಳವಾರ, ರಾತ್ರಿ 9.40

ಸರ್ವಿಸ್ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಒಳಗೆ ನನ್ನದೊಂದು ರಿಪೇರಿ ಅಂಗಡಿ ಇದೆ. ಮಳೆಗಾಲ ಬಂತೆಂದರೆ ಸಿಡಿಲಿಗೆ ಸತ್ತ ರೂಟರ್, ಥಂಡಿ ಹಿಡಿದ ಕೀಬೋರ್ಡ್, ಇರುವೆ ಸಂಸಾರ ಹೂಡಿದ ಸಿಪಿಯು, ಇವುಗಳ ನಡುವೆಯೇ ದಿನ ಕಳೆಯುತ್ತದೆ. ಈ ಸಲ ಬಂದಿರುವುದು ಬೇರೆ ಜಾತಿಯದು. ಹದಿನಾಲ್ಕು ವರ್ಷದ ಅನುಭವ ಕೈಕೊಟ್ಟಿದೆ.

ಲ್ಯಾಪ್‌ಟಾಪ್ ಹಿರಿಯಡ್ಕದ ಕಡೆಯ ಒಬ್ಬ ನಿವೃತ್ತ ಕನ್ನಡ ಮಾಸ್ಟ್ರದ್ದು. ರೆಟಿನಾದ ಕಾಯಿಲೆಯಿಂದ ಅವರ ದೃಷ್ಟಿ ಪೂರ್ತಿ ಹೋಗಿದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಓದಿ ಹೇಳುವುದನ್ನು ಕೇಳಿಕೊಂಡೇ ಪತ್ರ ಬರೆಯುತ್ತಾರೆ, ಪೇಪರ್ ಓದುತ್ತಾರೆ. ಎರಡು ವಾರದಿಂದ ಅದು ಬಾಯಿ ಬಿಡುತ್ತಿಲ್ಲ. ಆನ್ ಮಾಡಿದ ಕೂಡಲೇ ಒಂದು ನಿಮಿಷ ಮಾತನಾಡಿ ಆಮೇಲೆ ನಿಂತದ್ದೂ ಇದೆಯಂತೆ.

ಇನ್ನೊಂದು ತೊಡಕು ಇದರ ಡಿಸ್‌ಪ್ಲೇ. ಮುಚ್ಚಳ ತೆರೆದರೆ ಕಾಡಿಗೆಯಷ್ಟು ಕಪ್ಪು. "ಸಾರ್, ನಿಮ್ಮ ಡಿಸ್‌ಪ್ಲೇ ಹೋಗಿದೆ" ಎಂದೆ. "ಹೋಗಿ ಎರಡು ವರ್ಷವಾಯಿತು ಎಂದು ಮಗಳು ಹೇಳುತ್ತಿದ್ದಳು. ನನಗೆ ಅದರಿಂದ ಏನು ಲುಕ್ಸಾನು? ಬ್ಯಾಟರಿ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ" ಎಂದು ನಕ್ಕರು. ಹಾಗಾಗಿ ಅಂಗಡಿಯ ಹಳೆಯ ಮಾನಿಟರ್‌ಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿ ಕೆಲಸ ಮಾಡುತ್ತಿದ್ದೇನೆ.

ಇಷ್ಟು ಮಾಡಿ ನೋಡಿದೆ. ಆಡಿಯೊ ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ಎನ್‌ವಿಡಿಎಯ ಹೊಸ ಆವೃತ್ತಿ ಹಾಕಿದೆ. ಹೆಡ್‌ಫೋನ್ ಸಿಕ್ಕಿಸಿದೆ, ಅದರಲ್ಲೂ ಸದ್ದಿಲ್ಲ. ವಿಂಡೋಸ್ ಏಳುವ ಮೊದಲೇ ಓಡುವ ಹಾರ್ಡ್‌ವೇರ್ ತಪಾಸಣೆಯಲ್ಲಿ ಮಾತ್ರ ಸ್ಪೀಕರ್ ಚೆನ್ನಾಗಿ ಬೀಪ್ ಎನ್ನುತ್ತದೆ. ಅಂದರೆ ಸ್ಪೀಕರ್ ಸತ್ತಿಲ್ಲ. ವಾಲ್ಯೂಮ್ 80ರಲ್ಲಿದೆ. ಮುಂದೇನು?

ಕಾಪು_ದೀಪಸ್ತಂಭ
ಮಂಗಳವಾರ, ರಾತ್ರಿ 10.05

ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ. ಎರಡು ಗಂಟೆಯ ಕೆಲಸ.

ಕದ್ರಿಯ_ಕಿವಿ, ಮಂಗಳೂರು
ಮಂಗಳವಾರ, ರಾತ್ರಿ 10.50

ತಿರುಪುಳಿಯವರೇ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ನಾನು ಹುಟ್ಟು ಅಂಧ, ಬ್ಯಾಂಕ್ ಕೆಲಸದಲ್ಲಿದ್ದೇನೆ, ದಿನಕ್ಕೆ ಎಂಟು ಗಂಟೆ ಎನ್‌ವಿಡಿಎ ಜತೆಗೇ ಬದುಕು. ಕಣ್ಣಿದ್ದವರಿಗೆ ಫಾರ್ಮ್ಯಾಟ್ ಎಂದರೆ ಎರಡು ಗಂಟೆ. ನಮಗೆ ಅದು ರಾತ್ರೋರಾತ್ರಿ ಮನೆಯ ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನು ಯಾರೋ ಜಾಗ ಬದಲಿಸಿಟ್ಟ ಹಾಗೆ. ಮಾಸ್ಟ್ರು ತಮ್ಮ ಕಿವಿಗೆ ಹೊಂದುವ ಮಾತಿನ ವೇಗ, ಸ್ವರದ ಏರಿಳಿತ, ತಪ್ಪಾಗಿ ಉಚ್ಚರಿಸುವ ಹೆಸರುಗಳಿಗೆ ಬರೆದುಕೊಂಡ ಉಚ್ಚಾರ ಪಟ್ಟಿ, ಇವನ್ನೆಲ್ಲ ವರ್ಷಗಟ್ಟಲೆ ಕೂಡಿಟ್ಟಿರುತ್ತಾರೆ. ಏನು ಮಾಡುವುದಿದ್ದರೂ ಮೊದಲು ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಪೋರ್ಟೆಬಲ್ ಪ್ರತಿ ಮಾಡುವ ಆಯ್ಕೆ ಇದೆ, ಈಗಿನ ಸೆಟ್ಟಿಂಗ್ ಸಮೇತ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಡಿ.

ಈಗ ಪರೀಕ್ಷೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನದೇ ಆದ ಸ್ಕ್ರೀನ್ ರೀಡರ್ ನರೇಟರ್ ಶುರುವಾಗುತ್ತದೆ. ನರೇಟರ್ ಮಾತನಾಡಿದರೆ ತೊಂದರೆ ಎನ್‌ವಿಡಿಎ ಒಳಗಿದೆ. ಅದೂ ಮೂಕವಾದರೆ ತೊಂದರೆ ಧ್ವನಿ ಹೋಗುವ ದಾರಿಯಲ್ಲಿದೆ.

ಇನ್ನೊಂದು ಸಾಧ್ಯತೆ: ಎನ್‌ವಿಡಿಎ ಕೀ ಹಿಡಿದು ಎಸ್ ಒತ್ತಿದರೆ ಮಾತಿನ ಬಗೆ ಬದಲಾಗುತ್ತದೆ, ಅದರಲ್ಲಿ ಮಾತು ಬಂದ್ ಎಂಬುದೂ ಒಂದು. ಎನ್‌ವಿಡಿಎ ಕೀ ಎಂದರೆ ಇನ್ಸರ್ಟ್, ಹಾಗೆ ಹೊಂದಿಸಿಕೊಂಡಿದ್ದರೆ ಕ್ಯಾಪ್ಸ್ ಲಾಕ್. ಗೊತ್ತಿಲ್ಲದೆ ಒತ್ತಿಹೋಗಿ ಗಾಬರಿಯಾದವರು ಬಹಳ ಮಂದಿ. ನಾನೂ ಒಮ್ಮೆ ಅದರಿಂದಾಗಿ ಅರ್ಧ ದಿನ ರಜೆ ಹಾಕಿದ್ದೇನೆ, ಬ್ಯಾಂಕಿಗೆ ಬೇರೆ ಕಾರಣ ಹೇಳಿದ್ದೆ.

ತಿರುಪುಳಿ
ಬುಧವಾರ, ಬೆಳಿಗ್ಗೆ 11.15

ಪೋರ್ಟೆಬಲ್ ಪ್ರತಿ ಮಾಡಿಟ್ಟೆ. ನರೇಟರ್ ಕೂಡ ಮೂಕ. ಎನ್‌ವಿಡಿಎ ಮತ್ತು ಎಸ್ ನಾಲ್ಕೈದು ಸಲ ಒತ್ತಿದೆ, ಬದಲಾವಣೆ ಇಲ್ಲ. ಮಾಸ್ಟ್ರು ನಿನ್ನೆಯಿಂದ ಮೂರು ಸಲ ಫೋನ್ ಮಾಡಿದ್ದಾರೆ. ಅವಸರ ಮಾಡುತ್ತಿಲ್ಲ, ಆದರೆ "ಕೈ ಕಟ್ಟಿ ಕೂತ ಹಾಗಾಗಿದೆ" ಎಂದರು. ನನಗೇ ಕಸಿವಿಸಿ.

ಮೌನಿ_ಸುರತ್ಕಲ್
ಬುಧವಾರ, ಮಧ್ಯಾಹ್ನ 12.30

ನಾನು ಕಿವುಡಿ. ನಿಮಗೆ ವಿಚಿತ್ರವೆನಿಸಬಹುದು, ಆದರೆ ನಾನೂ ದಿನಾ ಎನ್‌ವಿಡಿಎ ಬಳಸುತ್ತೇನೆ. ಜಾಲತಾಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಒಂದು ಪುಟದಲ್ಲಿ ಅಂಧರ ಕಿವಿಗೆ ಏನು ಬೀಳುತ್ತದೆ ಎಂದು ನನಗೆ ಕೇಳಲಾಗದು, ಓದಬಲ್ಲೆ. ಎನ್‌ವಿಡಿಎಯಲ್ಲಿ ಸ್ಪೀಚ್ ವ್ಯೂವರ್ ಎಂಬ ಕಿಟಕಿ ಇದೆ. ಅದು ಆಡುವ ಪ್ರತಿಯೊಂದು ಮಾತೂ ಅದರಲ್ಲಿ ಅಕ್ಷರವಾಗಿ ಬೀಳುತ್ತದೆ. ಹೆಸರಿಡದ ಗುಂಡಿಯ ಮೇಲೆ ಹೋದರೆ ಬರೀ "ಬಟನ್" ಎಂದು ಬರುತ್ತದೆ. ಅದನ್ನು ಕಂಡಾಗಲೆಲ್ಲ ನಾನು ಪ್ರೋಗ್ರಾಮರ್‌ಗಳ ಮೇಲೆ ಸಿಡುಕುತ್ತೇನೆ.

ನಿಮ್ಮ ಹತ್ತಿರ ಮಾನಿಟರ್ ಇದೆಯಲ್ಲ. ಎನ್‌ವಿಡಿಎ ಕೀ ಜತೆ ಎನ್ ಒತ್ತಿ ಮೆನು ತೆರೆಯಿರಿ. ಟೂಲ್ಸ್, ಅದರೊಳಗೆ ಸ್ಪೀಚ್ ವ್ಯೂವರ್. ಆಮೇಲೆ ಡೆಸ್ಕ್‌ಟಾಪ್‌ಗೆ ಹೋಗಿ ಬಾಣದ ಕೀ ಒತ್ತುತ್ತ ಹೋಗಿ. ಕಿಟಕಿಯಲ್ಲಿ ಏನು ಬರುತ್ತದೆ ಬರೆಯಿರಿ.

ತಿರುಪುಳಿ
ಬುಧವಾರ, ಮಧ್ಯಾಹ್ನ 12.55

ಮಾರಾಯರೇ, ಪುಂಖಾನುಪುಂಖವಾಗಿ ಬರುತ್ತಿದೆ! "ಡೆಸ್ಕ್‌ಟಾಪ್ ಲಿಸ್ಟ್", "ರೀಸೈಕಲ್ ಬಿನ್, ಒನ್ ಆಫ್ ಫೋರ್ಟೀನ್"... ನಾನು ಒಂದು ಕೀ ಒತ್ತಿದರೆ ಒಂದು ಸಾಲು. ಎರಡು ದಿನ ಇದು ಮೂಕವಾಗಿದೆ ಎಂದುಕೊಂಡಿದ್ದೆ, ಇದು ಎಡೆಬಿಡದೆ ಮಾತನಾಡುತ್ತಲೇ ಇತ್ತು.

ಮೌನಿ_ಸುರತ್ಕಲ್
ಬುಧವಾರ, ಮಧ್ಯಾಹ್ನ 1.02

ಹಾಗಾದರೆ ಅದು ಯಾರ ಹತ್ತಿರ ಮಾತನಾಡುತ್ತಿದೆ ಎಂದು ಹುಡುಕಿ. ಎಚ್‌ಡಿಎಂಐ ತಂತಿಯಲ್ಲಿ ಚಿತ್ರ ಮಾತ್ರ ಹೋಗುವುದಲ್ಲ, ಧ್ವನಿಯೂ ಹೋಗುತ್ತದೆ. ಮಾನಿಟರ್ ಸಿಕ್ಕಿಸಿದ ಕೂಡಲೇ ವಿಂಡೋಸ್ ಎಷ್ಟೋ ಸಲ ಧ್ವನಿಯನ್ನೂ ಅತ್ತ ತಿರುಗಿಸಿಬಿಡುತ್ತದೆ. ನಿಮ್ಮ ಮಾನಿಟರ್‌ಗೆ ಸ್ಪೀಕರ್ ಇದೆಯೇ?

ತಿರುಪುಳಿ
ಬುಧವಾರ, ಮಧ್ಯಾಹ್ನ 1.10

ಇಲ್ಲ.

ತಂತಿ ಕಿತ್ತೆ. ಕಿತ್ತ ಕ್ಷಣಕ್ಕೆ ಲ್ಯಾಪ್‌ಟಾಪ್ ಎಷ್ಟು ಜೋರಾಗಿ ಮಾತನಾಡಿತೆಂದರೆ ಕೈಯಲ್ಲಿದ್ದ ಚಹಾ ಕೌಂಟರ್ ಮೇಲೆ ಚೆಲ್ಲಿತು. ವಾಲ್ಯೂಮ್ ಐಕಾನಿನ ಪಕ್ಕದ ಪುಟ್ಟ ಬಾಣ ಒತ್ತಿ ಧ್ವನಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡುವ ಬುದ್ಧಿ ಎರಡು ದಿನವೂ ನನಗೆ ಬರಲಿಲ್ಲ. ಈ ಮಾತು ನಮ್ಮ ಬೀದಿಯ ಬೇರೆ ರಿಪೇರಿಯವರಿಗೆ ಗೊತ್ತಾಗದಿರಲಿ.

ಸಂಜೆ ಮಾಸ್ಟ್ರು ಬಂದು ಒಯ್ದರು. ಅಂಗಡಿಯಲ್ಲೇ ಹದಿನೈದು ನಿಮಿಷ ಕೂತು ಒಂದು ಪತ್ರ ಬರೆದು ನೋಡಿದರು. ಪರಿಹಾರವಾಗಿದೆ ಎಂದು ಶೀರ್ಷಿಕೆಗೆ ಸೇರಿಸುತ್ತಿದ್ದೇನೆ. ಇಬ್ಬರಿಗೂ ಉಪಕಾರ.

ಕದ್ರಿಯ_ಕಿವಿ
ಬುಧವಾರ, ರಾತ್ರಿ 8.20

ಸಂತೋಷ. ಆದರೆ ಮಾಸ್ಟ್ರ ಮನೆಯಲ್ಲಿ ಎಚ್‌ಡಿಎಂಐ ತಂತಿ ಎಲ್ಲಿತ್ತು?

ತಿರುಪುಳಿ
ಗುರುವಾರ, ರಾತ್ರಿ 9.00

ಕದ್ರಿಯವರ ನಾಲಿಗೆಯಲ್ಲಿ ಮಚ್ಚೆ ಇರಬೇಕು. ಶೀರ್ಷಿಕೆಯಲ್ಲಿ ಸೇರಿಸಿದ್ದನ್ನು ತೆಗೆದಿದ್ದೇನೆ. ಮನೆಗೆ ಹೋದ ಮೇಲೆ ಒಂದು ನಿಮಿಷ ಮಾತನಾಡಿ ಮತ್ತೆ ನಿಂತಿದೆ. ಮನೆಯಲ್ಲಿ ಮಾನಿಟರೂ ಇಲ್ಲ, ಟಿವಿಗೂ ಜೋಡಿಸಿಲ್ಲ.

ಅದಕ್ಕಿಂತ ದೊಡ್ಡ ಪೇಚು ಫೋನಿನದು. ಮಧ್ಯಾಹ್ನ ನಾನು ಕರೆ ಮಾಡಿದಾಗ ಮಾಸ್ಟ್ರು ಪೇಟೆಗೆ ಹೋಗಿದ್ದರು, ಅವರ ಮನೆಯ ಅಮ್ಮ ಎತ್ತಿದರು. ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. "ಲ್ಯಾಪ್‌ಟಾಪ್ ಮಾತನಾಡುತ್ತದೆಯೇ" ಎಂದು ನಾನು ಕೂಗಿದ್ದು ಪಕ್ಕದ ಜೆರಾಕ್ಸ್ ಅಂಗಡಿಗೂ ಕೇಳಿತು, ಅವರಿಗೆ ಕೇಳಲಿಲ್ಲ. ಕೊನೆಗೆ "ಊಟವಾಯಿತು, ನಿಮ್ಮದು?" ಎಂದು ಇಟ್ಟುಬಿಟ್ಟರು. ರಾತ್ರಿ ಮಾಸ್ಟ್ರೇ ಸಿಕ್ಕಾಗ "ಪರದೆಯ ಬಲಮೂಲೆಯಲ್ಲಿ ಸ್ಪೀಕರ್ ಗುರುತು..." ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡೆ.

ಮೌನಿ_ಸುರತ್ಕಲ್
ಗುರುವಾರ, ರಾತ್ರಿ 9.40

ಅಮ್ಮನ ಕಥೆ ನನ್ನದೇ ಕಥೆ. ಹೋದ ವರ್ಷ ನನ್ನ ಮನೆಯ ಡೆಸ್ಕ್‌ಟಾಪ್ ಏಳುತ್ತಿರಲಿಲ್ಲ. ಒಂದು ಕಂಪನಿಯ ಸಹಾಯವಾಣಿಗೆ ಇಮೇಲ್ ಮಾಡಿದರೆ "ಹೆಚ್ಚಿನ ನೆರವಿಗೆ ಕರೆ ಮಾಡಿ" ಎಂದು ಉತ್ತರ. ತಮ್ಮನ ಕೈಯಲ್ಲಿ ಕರೆ ಮಾಡಿಸಿದರೆ "ಗ್ರಾಹಕರೇ ಮಾತನಾಡಬೇಕು" ಎಂದರಂತೆ. ಕೊನೆಗೆ ಬಂದ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: "ಆನ್ ಮಾಡಿದಾಗ ಎಷ್ಟು ಬೀಪ್ ಬರುತ್ತದೆ?" ಮದರ್‌ಬೋರ್ಡ್ ತನ್ನ ರೋಗವನ್ನು ಬೀಪ್‌ಗಳ ಲೆಕ್ಕದಲ್ಲಿ ಹೇಳುತ್ತದೆ, ನಿಜ. ನಾನು ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ನೋಡಿದೆ, ಫ್ಯಾನಿನ ನಡುಕ ಬಿಟ್ಟರೆ ಏನೂ ತಿಳಿಯಲಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳು ಅದೇ ಸುದ್ದಿಯನ್ನು ದೀಪ ಮಿನುಗಿಸಿ ಹೇಳುತ್ತವೆ. ಅದು ನನಗಾಗುತ್ತದೆ, ಕದ್ರಿಯವರಿಗೆ ಆಗುವುದಿಲ್ಲ.

ತಿರುಪುಳಿಯವರೇ, ಕಿವಿ ಕೇಳದ ಗಿರಾಕಿ ನಿಮ್ಮ ಅಂಗಡಿಗೆ ಬರುವುದು ಹೇಗೆ? ಬೋರ್ಡಿನಲ್ಲಿ ಬರೀ ಫೋನ್ ನಂಬರ್ ಇದೆಯೇ? ಅದರ ಪಕ್ಕದಲ್ಲಿ "ವಾಟ್ಸ್‌ಆಪ್‌ನಲ್ಲಿ ಬರೆದು ಕಳಿಸಬಹುದು" ಎಂದು ಒಂದು ಸಾಲು ಬರೆಸಿ. ಉತ್ತರವನ್ನು ಅಕ್ಷರದಲ್ಲಿ ಕೊಡಿ, ವಾಯ್ಸ್ ಮೆಸೇಜ್ ಬೇಡ. ಎದುರಿಗೆ ಬಂದರೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿ ಕನ್ನಡ ಆರಿಸಿ ಕೌಂಟರ್ ಮೇಲಿಡಿ. ನೀವು ಆಡಿದ್ದು ಅಕ್ಷರವಾಗಿ ಮೂಡುತ್ತದೆ. ಮಳೆ ತಗಡಿನ ಮಾಡಿನ ಮೇಲೆ ಸುರಿಯುತ್ತಿದ್ದರೆ ಮಾತ್ರ ಅದನ್ನು ನಂಬಬೇಡಿ, ಒಂದು ನೋಟ್‌ಬುಕ್ ಮತ್ತು ಪೆನ್ನು ಸಾಕು. ತುಳುವಿನಲ್ಲಿ ಮಾತನಾಡಿದರೆ ಅದನ್ನು ಕನ್ನಡವೆಂದೇ ತಿಳಿದು ಏನೇನೋ ಬರೆದುಬಿಡುತ್ತದೆ. ನನ್ನ ಅತ್ತೆ "ಉಣಸ್ ಆಂಡಾ" (ಊಟವಾಯಿತೇ) ಎಂದು ಕೇಳಿದ್ದು ಏನಾಗಿ ಬಂತು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಕಾಪು_ದೀಪಸ್ತಂಭ
ಗುರುವಾರ, ರಾತ್ರಿ 10.10

ಹೇಳುವುದು ಸುಲಭ. ಚಿಕ್ಕ ಅಂಗಡಿಯವರು ವರ್ಷಕ್ಕೆ ಬರುವ ಒಬ್ಬಿಬ್ಬರಿಗಾಗಿ ಇದನ್ನೆಲ್ಲ ಕಲಿಯುತ್ತ ಕೂರಲು ಆಗುತ್ತದೆಯೇ? ಅದಕ್ಕೆ ಬೇರೆ ಸಂಸ್ಥೆಗಳಿವೆ.

ಕದ್ರಿಯ_ಕಿವಿ
ಗುರುವಾರ, ರಾತ್ರಿ 10.45

ಹಿರಿಯಡ್ಕದ ಮಾಸ್ಟ್ರ ಲ್ಯಾಪ್‌ಟಾಪ್ ಕೆಟ್ಟರೆ ಅವರು ಹೋಗುವುದು ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ, ಬೆಂಗಳೂರಿನ ಸಂಸ್ಥೆಗಲ್ಲ. ಕಾನೂನಿನ ಮಾತೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ದಿನಬಳಕೆಯ ಎಲೆಕ್ಟ್ರಾನಿಕ್ ಸಾಮಾನು ಎಲ್ಲರೂ ಬಳಸಬಹುದಾದ ವಿನ್ಯಾಸದಲ್ಲಿ ಸಿಗಬೇಕೆನ್ನುತ್ತದೆ. ಕೆವೈಸಿಗೆಂದು ಕ್ಯಾಮೆರಾ ಎದುರು ಕಣ್ಣು ಮಿಟುಕಿಸಿ ಎಂದು ನಮ್ಮನ್ನು ಗೋಳುಹೊಯ್ದುಕೊಳ್ಳುತ್ತಿದ್ದ ವಿಷಯದಲ್ಲಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರುತ್ತದೆ ಎಂದಿತು. ತಿರುಪುಳಿಯವರ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಹೆದರಬೇಡಿ. ಹತ್ತು ಕೀಗಳನ್ನು ಕಲಿತರೆ ಸಾಕು.

ಈಗ ಲ್ಯಾಪ್‌ಟಾಪ್‌ಗೆ ಬರೋಣ. ಅಂಗಡಿಯಲ್ಲಿ ಎಚ್‌ಡಿಎಂಐ ತೆಗೆದಾಗ ಸರಿ, ಮನೆಯಲ್ಲಿ ತಪ್ಪು. ಶುರುವಿಗೆ ಒಂದು ನಿಮಿಷ ಮಾತು, ಆಮೇಲೆ ಇಲ್ಲ. ಇದನ್ನು ನೀವು ಮೊದಲ ದಿನವೇ ಬರೆದಿದ್ದಿರಿ, ನಾವು ಯಾರೂ ಗಮನ ಕೊಡಲಿಲ್ಲ. ಆ ಒಂದು ನಿಮಿಷದ ನಂತರ ಮನೆಯಲ್ಲಿ ಏನೋ ಬಂದು ಲ್ಯಾಪ್‌ಟಾಪ್‌ಗೆ ಅಂಟಿಕೊಳ್ಳುತ್ತಿದೆ. ನನ್ನ ಅನುಮಾನ ಬ್ಲೂಟೂತ್ ಮೇಲೆ. ಮನೆಗೇ ಹೋಗಿ. ಹೋದಾಗ ಯಾವುದನ್ನೂ ಒತ್ತದೆ, ಯಾರ ಹತ್ತಿರವೂ ಮಾತನಾಡದೆ ಎರಡು ನಿಮಿಷ ಸುಮ್ಮನೆ ಕಿವಿಗೊಟ್ಟು ನಿಲ್ಲಿ.

ತಿರುಪುಳಿ
ಶನಿವಾರ, ಸಂಜೆ 6.30

ಮಧ್ಯಾಹ್ನ ಅಂಗಡಿ ಮುಚ್ಚಿ ಹೋದೆ. ಮಳೆ ಹತ್ತು ನಿಮಿಷ ಬಿಡುವು ಕೊಟ್ಟಿತ್ತು, ಇಲ್ಲದಿದ್ದರೆ ಇವತ್ತೂ ತಿಳಿಯುತ್ತಿರಲಿಲ್ಲ.

ಹಳೆಯ ಹಂಚಿನ ಮನೆ. ಮುಂದೆ ಚಾವಡಿ, ಅಲ್ಲಿ ಮಾಸ್ಟ್ರ ಮೇಜು. ಲ್ಯಾಪ್‌ಟಾಪ್ ಆನ್ ಮಾಡಿದರು, ಅದು ಮಾತನಾಡಿತು, ನಿಂತಿತು. ಕದ್ರಿಯವರು ಹೇಳಿದಂತೆ ಸುಮ್ಮನೆ ನಿಂತೆ. ಮಾಸ್ಟ್ರು ಬಾಣದ ಕೀ ಒತ್ತುತ್ತಿದ್ದರು. ಒಳಗಿನ ದೇವರ ಕೋಣೆಯಿಂದ ಯಾರೋ ಪಿಸುಗುಟ್ಟಿದಂತೆ ಕೇಳಿತು. ಹೋಗಿ ನೋಡಿದರೆ ದೀಪದ ಪಕ್ಕದಲ್ಲಿ ಭಜನೆ ಹಾಕುವ ಪುಟ್ಟ ಸ್ಪೀಕರ್, ಸ್ವಿಚ್ಚು ಹಾಕಿಯೇ ಇದೆ, ಅದರ ವಾಲ್ಯೂಮ್ ತಿರುಪು ಕೊನೆಗೆ ಇಳಿಸಿದೆ. ಕಿವಿ ಹಚ್ಚಿದೆ. "ರೀಸೈಕಲ್ ಬಿನ್, ಒನ್ ಆಫ್ ಫೋರ್ಟೀನ್."

ಬೇಸಗೆ ರಜೆಗೆ ಬಂದಿದ್ದ ಮಗಳ ಮಗ ಹೊರಡುವ ಹಿಂದಿನ ದಿನ ಹಾಡು ಕೇಳಲು ಆ ಸ್ಪೀಕರನ್ನು ಲ್ಯಾಪ್‌ಟಾಪ್‌ಗೆ ಬ್ಲೂಟೂತ್‌ನಲ್ಲಿ ಜೋಡಿಸಿದ್ದನಂತೆ. ಅಲ್ಲಿಂದ ಇತ್ತ ಪ್ರತಿಸಲ ಲ್ಯಾಪ್‌ಟಾಪ್ ಎದ್ದ ಒಂದು ನಿಮಿಷಕ್ಕೆ ಎರಡೂ ತಾವಾಗಿಯೇ ಕೈ ಹಿಡಿದುಕೊಳ್ಳುತ್ತಿದ್ದವು. ಅಂಗಡಿಯಲ್ಲಿ ಆ ಸ್ಪೀಕರ್ ಇರಲಿಲ್ಲ, ನನ್ನ ಮಾನಿಟರ್ ಇತ್ತು. ಎರಡು ಬೇರೆ ರೋಗ, ಒಂದೇ ಲಕ್ಷಣ.

ಇದಕ್ಕಿಂತ ಹೆಚ್ಚಿನದು ಮುಂದಿದೆ. ನಾನು ಸ್ಪೀಕರ್ ವಾಲ್ಯೂಮ್ ಏರಿಸಿದ ಕೂಡಲೇ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಎರಡು ವಾರದಿಂದ ದೇವರಿಗೆ ಹೂ ಇಡಲು ಹೋದಾಗಲೆಲ್ಲ ಕಿವಿಯಲ್ಲಿ ಯಾರೋ ಇಂಗ್ಲಿಷ್ ಗೊಣಗಿದಂತೆ ಆಗುತ್ತಿತ್ತಂತೆ. ಕಿವಿಯ ಮಿಷನ್ ಕೆಟ್ಟಿತು ಎಂದು ತಿಳಿದು ಅದನ್ನು ತೆಗೆದು ಕಪಾಟಿನಲ್ಲಿಟ್ಟುಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಗುರುವಾರ ಫೋನಿನಲ್ಲಿ ನನ್ನ ಮಾತು ಅವರಿಗೆ ಏಕೆ ಕೇಳಲಿಲ್ಲ ಎಂಬುದು ಈಗ ತಿಳಿಯಿತು. ಅಂದರೆ ಮಾಸ್ಟ್ರ ಲ್ಯಾಪ್‌ಟಾಪಿನ ಮಾತನ್ನು ಆ ಮನೆಯಲ್ಲಿ ಕೇಳಿಸಿಕೊಂಡದ್ದು ಅಮ್ಮ ಒಬ್ಬರೇ.

ಮಾಡಿದ್ದು ಇಷ್ಟು. ವಿಂಡೋಸ್ ಸೆಟ್ಟಿಂಗ್‌ಗಳಲ್ಲಿ ಬ್ಲೂಟೂತ್ ಪಟ್ಟಿಯಿಂದ ಆ ಸ್ಪೀಕರನ್ನು ತೆಗೆದುಹಾಕಿದೆ. ಮುಂದಿನ ರಜೆಗೆ ಹುಡುಗ ಮತ್ತೆ ಬರುತ್ತಾನೆ ಎಂಬುದನ್ನು ನೆನೆದು ಎನ್‌ವಿಡಿಎಯಲ್ಲೂ ಒಂದು ಬಂದೋಬಸ್ತು ಮಾಡಿದೆ. ಎನ್‌ವಿಡಿಎ ಕೀ, ಕಂಟ್ರೋಲ್, ಯು ಒತ್ತಿದರೆ ಆಡಿಯೊ ಸೆಟ್ಟಿಂಗ್ ತೆರೆಯುತ್ತದೆ. ಅಲ್ಲಿ ಔಟ್‌ಪುಟ್ ಸಾಧನ ಡಿಫಾಲ್ಟ್ ಎಂದಿತ್ತು, ಲ್ಯಾಪ್‌ಟಾಪಿನ ಸ್ವಂತ ಸ್ಪೀಕರನ್ನೇ ಹೆಸರಿಸಿ ಆರಿಸಿದೆ. ಹಳೆಯ ಆವೃತ್ತಿಗಳಲ್ಲಿ ಈ ಆಯ್ಕೆ ಸಿಂಥಸೈಜರ್ (ಧ್ವನಿ ಹುಟ್ಟಿಸುವ ತಂತ್ರಾಂಶ) ಆರಿಸುವ ಕಡೆ ಇರುತ್ತದೆ. ಇನ್ನು ಹಾಡು ಎಲ್ಲಿಗೆ ಬೇಕಾದರೂ ಹೋಗಲಿ, ಮಾತು ಮೇಜು ಬಿಟ್ಟು ಹೋಗುವುದಿಲ್ಲ. ಪರೀಕ್ಷೆಗೆಂದು ಸ್ಪೀಕರನ್ನು ಮತ್ತೆ ಜೋಡಿಸಿ ನೋಡಿದೆ, ಮಾತು ಚಾವಡಿಯಲ್ಲೇ ನಿಂತಿತು.

ಮಾಸ್ಟ್ರಿಂದ ಇನ್ನೊಂದು ದೂರು ಬಂತು. ಅವರು ದೃಷ್ಟಿ ಹೋಗುವ ಮೊದಲು ಟೈಪ್ ಮಾಡಿಟ್ಟ ಹಳೆಯ ಲೇಖನಗಳ ಫೈಲುಗಳಿವೆ. ಅವನ್ನು ತೆರೆದರೆ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಒದರುತ್ತದೆ. ನನ್ನ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ವಾಟ್ಸ್‌ಆಪ್‌ನ ಕನ್ನಡವನ್ನು ಇದೇ ಎನ್‌ವಿಡಿಎ ಸರಿಯಾಗಿ ಓದುತ್ತದೆ. ಇದೇನು?

ಅಚ್ಚುಮೊಳೆ, ಕುಂದಾಪುರ
ಶನಿವಾರ, ರಾತ್ರಿ 8.15

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಇದು ನನ್ನ ಇಲಾಖೆ. ಇಪ್ಪತ್ತೆರಡು ವರ್ಷ ಮುದ್ರಣಾಲಯದಲ್ಲಿ ಡಿಟಿಪಿ ಮಾಡಿದವನು. ಆ ಫೈಲುಗಳು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನವು. ಅವುಗಳೊಳಗೆ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ವೇಷ ಅದು. ವೇಷ ಕಣ್ಣಿಗೆ ಕಾಣುತ್ತದೆ, ಸ್ಕ್ರೀನ್ ರೀಡರ್ ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಕೂತು ಬಣ್ಣ ಹಚ್ಚದ ಮುಖವನ್ನೇ ನೋಡುತ್ತದೆ. ಯುನಿಕೋಡ್‌ನಲ್ಲಿ ಮಾತ್ರ ಕನ್ನಡ ಅಕ್ಷರಕ್ಕೆ ಅದರದೇ ಆದ ಸಂಖ್ಯೆ ಇರುವುದು.

ಎಎಸ್‌ಸಿಐಐ, ಅಂದರೆ ಈ ಹಳೆಯ ಫಾಂಟಿನ ಸಂಕೇತದಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೊದಲು ಮೂಲದ ಪ್ರತಿ ತೆಗೆದಿಡಿ. ಬದಲಿಸಿದ ಮೇಲೆ ಅರ್ಕಾವತ್ತು, ಎರಡು ಒತ್ತು ಬರುವ ಅಕ್ಷರ, ನಡುವೆ ಬರುವ ನಿಜವಾದ ಇಂಗ್ಲಿಷ್ ಪದ ಮತ್ತು ಅಂಕಿಗಳು, ಇವನ್ನು ಕಣ್ಣಿರುವ ಒಬ್ಬರು ಮೂಲದ ಜತೆ ಹೋಲಿಸಬೇಕು. ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ. ಹೇಳಲು ನಾಚಿಕೆ, ಈಗಲೂ ಎಷ್ಟೋ ಆಮಂತ್ರಣ, ಸುತ್ತೋಲೆಗಳು ಹಳೆಯ ಫಾಂಟಿನಲ್ಲೇ ಹೊರಡುತ್ತವೆ. ನಾನೇ ಸಾವಿರಾರು ಪುಟ ಹಾಗೆ ಮಾಡಿದ್ದೇನೆ. ಅದನ್ನು ಯಾರೋ ಒಬ್ಬರು ಕಿವಿಯಲ್ಲಿ ಓದಬೇಕಾಗಬಹುದು ಎಂದು ಆಗ ಹೊಳೆದೇ ಇರಲಿಲ್ಲ. ಮಾಸ್ಟ್ರ ಫೈಲುಗಳನ್ನು ಕಳಿಸಿಕೊಡಿ, ಹೋಲಿಸುವ ಕೆಲಸ ನಾನು ಮಾಡುತ್ತೇನೆ. ಕಾಸು ಬೇಡ.

ಕದ್ರಿಯ_ಕಿವಿ
ಶನಿವಾರ, ರಾತ್ರಿ 9.30

ದೇವರ ಕೋಣೆಯ ಭಾಗವನ್ನು ಮೂರು ಸಲ ಓದಿಸಿಕೊಂಡೆ.

ಯುನಿಕೋಡ್ ಆದ ಮೇಲೆ ಮಾಸ್ಟ್ರಿಗೆ ಇ-ಸ್ಪೀಕ್‌ನ ಕನ್ನಡ ಧ್ವನಿ ಸಾಕಾಗುತ್ತದೆ, ಅದು ಎನ್‌ವಿಡಿಎ ಜತೆಗೇ ಬರುತ್ತದೆ. ಯಂತ್ರದಂಥ ಧ್ವನಿ, ಆದರೆ ಎಷ್ಟು ವೇಗಕ್ಕೆ ಏರಿಸಿದರೂ ಅಕ್ಷರ ನುಂಗುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದ ತುಳುವನ್ನೂ ತಕ್ಕಮಟ್ಟಿಗೆ ಓದುತ್ತದೆ, ಪದದ ಕೊನೆಯ ಅರ್ಧ ಉಕಾರವನ್ನು ಮಾತ್ರ ಕಡಿದು ಹಾಕುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದು ಕಳಿಸುವ ನೆಂಟರಿಗೆ ಮಾತ್ರ ಪರಿಹಾರವಿಲ್ಲ.

ತಿರುಪುಳಿಯವರಿಗೆ ಒಂದು ಸಲಹೆ. ಮುಂದಿನ ಸಲ ಹಿರಿಯಡ್ಕಕ್ಕೆ ಹೋಗುವ ಬದಲು ಎನ್‌ವಿಡಿಎ ರಿಮೋಟ್ ಬಳಸಿ. ಮೊದಲು ಬೇರೆ ಆಡ್‌ಆನ್ ಆಗಿತ್ತು, 2025.1ನೇ ಆವೃತ್ತಿಯಿಂದ ಒಳಗೇ ಸೇರಿದೆ. ಎರಡೂ ಕಡೆ ಎನ್‌ವಿಡಿಎ ಇರಬೇಕು, ಇಬ್ಬರೂ ಒಂದೇ ಸಂಕೇತ ಪದ ಕೊಟ್ಟು ಕೂಡಿಕೊಳ್ಳಬೇಕು. ನೀವು ಒತ್ತಿದ ಕೀ ಅವರ ಲ್ಯಾಪ್‌ಟಾಪ್‌ಗೆ ಹೋಗುತ್ತದೆ, ಅಲ್ಲಿನ ಮಾತು ನಿಮ್ಮ ಕಿವಿಗೆ ಬರುತ್ತದೆ. ಚಿತ್ರ ಬರುವುದೇ ಇಲ್ಲ, ಹಾಗಾಗಿ ಮಳೆಗೆ ಕುಂಟುವ ಇಂಟರ್ನೆಟ್ಟಿನಲ್ಲೂ ನಡೆಯುತ್ತದೆ. ಸತ್ತ ಡಿಸ್‌ಪ್ಲೇಯ ತಕರಾರೂ ಇಲ್ಲ. ನೀವು ಸಾಮಾನ್ಯವಾಗಿ ಬಳಸುವ ಪರದೆ ಹಂಚುವ ತಂತ್ರಾಂಶದಲ್ಲಿ ನೀವು ಮೌಸ್ ಎಳೆದಾಡಿದರೆ ಅತ್ತ ಕೂತವರಿಗೆ ಏನು ನಡೆಯುತ್ತಿದೆ ಎಂದು ತಲೆಬುಡ ತಿಳಿಯುವುದಿಲ್ಲ.

ಎರಡೂ ಕಡೆಯ ಮಾತು ನಿಂತರೂ ನನಗೊಂದು ದಾರಿ ಉಳಿದಿದೆ: ಅಕ್ಷರವನ್ನು ಬೆರಳಿಗೆ ತಾಗುವ ಚುಕ್ಕೆಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ. ಎನ್‌ವಿಡಿಎ ಅದಕ್ಕೂ ಕಳಿಸುತ್ತದೆ, ಕನ್ನಡ ಬ್ರೈಲ್ ಕೂಡ ಇದೆ. ಕಣ್ಣೂ ಕಿವಿಯೂ ಇಲ್ಲದವರಿಗೆ ಕಂಪ್ಯೂಟರ್ ಎಂದರೆ ಅದೊಂದೇ. ಬೆಲೆ ಮಾತ್ರ ಕೇಳಬೇಡಿ. ಮಾಸ್ಟ್ರು ನಡುವಯಸ್ಸಿನ ನಂತರ ದೃಷ್ಟಿ ಕಳೆದುಕೊಂಡವರಾದ್ದರಿಂದ ಬೆರಳಿಗೆ ಬ್ರೈಲ್ ಹತ್ತುವುದು ನಿಧಾನ.

ತಿರುಪುಳಿ
ಸೋಮವಾರ, ರಾತ್ರಿ 9.15

ಶೀರ್ಷಿಕೆಯಲ್ಲಿ ಮತ್ತೆ ಪರಿಹಾರವಾಗಿದೆ ಎಂದು ಸೇರಿಸಿದೆ. ಎರಡು ದಿನದಿಂದ ಮಾತು ನಿಂತಿಲ್ಲ.

ನಿನ್ನೆ ಭಾನುವಾರ ಅಂಗಡಿಯ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿ ಮಾನಿಟರ್ ಆಫ್ ಮಾಡಿ ಕೂತೆ. ಒಂದು ಫೈಲಿನ ಹೆಸರು ಬದಲಿಸಲು ಹನ್ನೊಂದು ನಿಮಿಷ ಹಿಡಿಯಿತು. ನಡುವೆ ಎರಡು ಸಲ ಮಾನಿಟರ್ ಹಾಕಿ ಮೋಸ ಮಾಡಿದೆ. ಇವತ್ತು ರಿಮೋಟ್‌ನಲ್ಲಿ ಮಾಸ್ಟ್ರ ಲ್ಯಾಪ್‌ಟಾಪಿಗೆ ಹೋದೆ. ಅವರು ಇಟ್ಟುಕೊಂಡಿರುವ ಮಾತಿನ ವೇಗಕ್ಕೆ ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. "ನಿಮಗಾಗಿ ಸ್ವಲ್ಪ ನಿಧಾನ ಮಾಡಲೇ?" ಎಂದು ಅವರೇ ಕೇಳಿದರು.

ಬೋರ್ಡಿಗೆ ವಾಟ್ಸ್‌ಆಪ್ ಸಾಲು ಬರೆಸಲು ಕೊಟ್ಟಿದ್ದೇನೆ. ಮೌನಿಯವರೇ, ನಿಮ್ಮ ಡೆಸ್ಕ್‌ಟಾಪ್ ಮತ್ತೆ ಕೆಟ್ಟರೆ ಬೀಪ್ ಎಣಿಸುವ ಕೆಲಸ ನನ್ನದು, ವಿಡಿಯೊ ಮಾಡಿ ಕಳಿಸಿ. ಅಚ್ಚುಮೊಳೆಯವರಿಗೆ ಫೈಲುಗಳು ಹೋಗಿವೆ, ಒಟ್ಟು ನಲವತ್ತೊಂದು. ಅಮ್ಮ ಕಿವಿಯ ಮಿಷನ್ ಮತ್ತೆ ಹಾಕಿಕೊಂಡಿದ್ದಾರೆ. ಈಗ ಫೋನಿನಲ್ಲಿ ನಾನು ಕೂಗಿದರೆ ಬೈಯುತ್ತಾರೆ.

ಬಿಲ್ಲು ಮಾಡುವಾಗ, ಡಿಸ್‌ಪ್ಲೇ ಒಂದು ಹಾಕಿಕೊಡಲೇ ಎಂದು ಮಾಸ್ಟ್ರನ್ನು ಕೇಳಿದೆ. "ಹಾಕಿಸುವುದಾದರೆ ಹಾಕಿಸಿ" ಎಂದರು, "ಆದರೆ ಅದರ ಖರ್ಚು ನಿಮ್ಮದು. ಅದು ಬೇಕಾಗಿರುವುದು ನಿಮಗಲ್ಲವೇ?"